ನೊರೆಯಲ್ಲ, ಕುದಿ

ಕಡಲಿನಲ್ಲಿ ಎಣ್ಣೆ ಬಾವಿ ಕೊರೆಯುವ ಕೆಲಸಕ್ಕೆ ಆಯ್ಕೆಯಾದವರು ಆಗೊಬ್ಬರು ಈಗೊಬ್ಬರು ಮದ್ದೂರಿನ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಎಲ್ಲರೂ ಕೇಳುವುದು ಒಂದೇ. ಹೆಲಿಕಾಪ್ಟರಿನಲ್ಲಿ ಭಯವಾಗುತ್ತದೆಯೇ, ಊಟ ಹೇಗಿರುತ್ತದೆ, ಬಿರುಗಾಳಿ ಎದ್ದರೆ ಏನು ಗತಿ. ಗೊತ್ತಿದ್ದಷ್ಟು ಹೇಳುತ್ತೇನೆ, ಕಾಫಿ ಕೊಟ್ಟು ಕಳಿಸುತ್ತೇನೆ. ಅವರು ಬೀದಿ ತಿರುಗಿದ ಮೇಲೆ, ಹೇಳಲೇಬೇಕಾದ್ದನ್ನು ಹೇಳಲಿಲ್ಲವಲ್ಲ ಎಂದು ಕೊರಗುತ್ತೇನೆ. ಎದುರಿಗೆ ಹೇಳಲು ಬಾಯಿ ಬಾರದ್ದನ್ನು ಬರೆದಾದರೂ ಇಡೋಣವೆಂದು ಕೂತಿದ್ದೇನೆ. ನನ್ನ ಬಡ್ತಿಗಳ ಕಥೆ ಇದರಲ್ಲಿ ಸಿಗುವುದಿಲ್ಲ. ಅವು ಹೇಗೆ ಬಂದವೆಂದು ಓದಿದ ಮೇಲೆ ನಿಮಗೇ ತಿಳಿಯುತ್ತದೆ.

ಕಡಲಿನಲ್ಲಿ ನನ್ನ ಕೆಲಸ ಕೆಸರು ನೋಡಿಕೊಳ್ಳುವುದು. ನಗಬೇಡಿ. ನೆಲದೊಳಕ್ಕೆ ಸಾವಿರಾರು ಅಡಿ ಕೊರೆಯುವಾಗ ಕೊಳವೆಯ ಮೂಲಕ ದಪ್ಪನೆಯ ಕೆಸರನ್ನು ಕೆಳಕ್ಕೆ ಒತ್ತುತ್ತಾರೆ. ಅದು ತಳ ಮುಟ್ಟಿ, ಕೊರೆದ ಕಲ್ಲಿನ ಚೂರುಗಳನ್ನು ಹೊತ್ತುಕೊಂಡು ಕೊಳವೆಯ ಹೊರಗಿನ ಸಂದಿಯಿಂದ ಮೇಲಕ್ಕೆ ಬರುತ್ತದೆ. ಮೇಲೆ ಒಂದು ದೊಡ್ಡ ಜರಡಿ ಸದಾ ಅಲುಗುತ್ತಿರುತ್ತದೆ. ಕಲ್ಲು ಆಚೆಗೆ ಬೀಳುತ್ತದೆ, ಕೆಸರು ತೊಟ್ಟಿಗೆ ಇಳಿಯುತ್ತದೆ, ತೊಟ್ಟಿಯಿಂದ ಮತ್ತೆ ಬಾವಿಗೆ. ನೆಲದಡಿಯ ಅನಿಲವನ್ನು ನೆಲದಡಿಯಲ್ಲೇ ಅದುಮಿ ಹಿಡಿದಿರುವುದು ಈ ಕೆಸರಿನ ಭಾರ. ಭಾರ ಕಡಿಮೆಯಾಯಿತೋ, ಅನಿಲ ನುಗ್ಗಿ ಬರುತ್ತದೆ. ಆಗ ಒಂದು ಕಿಡಿ ಸೋಕಿದರೆ ಬಾವಿಯ ಮೇಲೆ ನಿಂತ ರಿಗ್ಗೂ ಇಲ್ಲ, ರಿಗ್ಗಿನ ಮೇಲಿದ್ದವರೂ ಇಲ್ಲ.

ಎಪ್ಪತ್ತರ ದಶಕದ ನಡುವಿನಲ್ಲಿ ಬೊಂಬಾಯಿ ಕಡಲಿನಲ್ಲಿ ಎಣ್ಣೆ ಸಿಕ್ಕಿತೆಂದು ಪತ್ರಿಕೆಗಳ ತುಂಬ ಸುದ್ದಿ. ಆಗ ನಾನು ಮಂಡ್ಯದ ಕಡೆಯ ಸಕ್ಕರೆ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕಬ್ಬಿನ ಹಾಲು ಪರೀಕ್ಷೆ ಮಾಡಿಕೊಂಡಿದ್ದೆ. ಬಾವಿ ಕೊರೆಯುವ ಗುತ್ತಿಗೆ ಹಿಡಿದಿದ್ದ ಒಂದು ಕಂಪನಿ ರಸಾಯನಶಾಸ್ತ್ರ ಓದಿದವರು ಬೇಕೆಂದು ಜಾಹೀರಾತು ಕೊಟ್ಟಿತ್ತು. ಅರ್ಜಿ ಹಾಕಿದೆ, ಸಿಕ್ಕಿತು. ಆ ಕಂಪನಿ ಮುಚ್ಚಿ ಎಷ್ಟೋ ಕಾಲವಾಯಿತು, ಹೆಸರು ಬೇಡ. ಮದ್ದೂರಿನಲ್ಲಿ ನನ್ನ ಜೊತೆ ಓದಿದ ನಿಡಘಟ್ಟದ ಗೆಳೆಯನೊಬ್ಬ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿಕೊಂಡು, "ಬಿಯೆಸ್ಸಿ ಓದಿ ಕೆಸ್ರು ಕಲ್ಸಕ್ಕೆ ಬೊಂಬಾಯ್ಗೆ ಓಯ್ತಿದ್ದೀಯೇನ್ಲಾ? ನಮ್ ಗದ್ದೆಗೇ ಬಾರ್ಲಾ, ಬೇಕಾದಷ್ಟು ಕೆಸ್ರೈತೆ, ಮುದ್ದೆನೂ ಆಕ್ತೀವಿ" ಎಂದು ಎಲ್ಲರೆದುರು ಗೇಲಿ ಮಾಡಿದ.

ರಿಗ್ಗು ಅಂದರೆ ಉದ್ದನೆಯ ಕಬ್ಬಿಣದ ಕಾಲುಗಳ ಮೇಲೆ ಕಡಲ ನಡುವೆ ನಿಂತ ಅಟ್ಟಣೆ. ಎರಡು ವಾರ ಅಲ್ಲಿ, ಎರಡು ವಾರ ಊರಿನಲ್ಲಿ. ಮೊದಲ ಸಲ ದೋಣಿಯಿಂದ ಮೇಲಕ್ಕೆ ಹೋಗುವಾಗ ಕ್ರೇನಿಗೆ ನೇತುಹಾಕಿದ ಬಲೆಬುಟ್ಟಿಯನ್ನು ಹೊರಗಿನಿಂದ ತಬ್ಬಿ ನಿಲ್ಲಬೇಕೆಂದರು. ನಾನು ಒಳಗೆ ನುಗ್ಗಿ ಕೂತುಬಿಟ್ಟೆ. ಬುಟ್ಟಿ ಮಗುಚಿದರೆ ಒಳಗಿದ್ದವನು ಈಚೆ ಬರುವ ಹಾಗಿಲ್ಲ, ಅದಕ್ಕೇ ಹೊರಗೆ ನಿಲ್ಲುವುದು ಅಂತ ಮೇಲೆ ಹೋದ ಮೇಲೆ ತಿಳಿಯಿತು. ನಮ್ಮ ಹಿರಿಯ ಸಾಹೇಬರು, ಕಡಿಮೆ ಮಾತಿನ ಮನುಷ್ಯ, ನನ್ನ ಬೆನ್ನು ತಟ್ಟಿ, "ಇಲ್ಲಿ ಪುಸ್ತಕ ಓದಿದವರಿಗಿಂತ ಪಕ್ಕದವನನ್ನು ನೋಡಿ ಕಲಿತವರೇ ಹೆಚ್ಚು ದಿನ ಬದುಕುತ್ತಾರೆ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ಒಳ್ಳೆಯ ಮಾತು ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬರೆದುಕೊಂಡದ್ದಷ್ಟೇ.

ಮುಂಗಾರಿನ ನಾಲ್ಕು ತಿಂಗಳು ಅಲ್ಲಿ ಯಾರದೂ ನಡೆಯುವುದಿಲ್ಲ. ಸಾಮಾನಿನ ದೋಣಿ ಹತ್ತಿರ ಬರಲಾರದೆ ದೂರದಲ್ಲೇ ಏಳುತ್ತ ಬೀಳುತ್ತ ನಿಂತಿರುತ್ತದೆ. ಕೆಸರಿಗೆ ಭಾರ ಕೊಡುವ ಕಲ್ಲುಪುಡಿಯ ಚೀಲಗಳನ್ನು ನಾನು ಒಂದು ಸಲ ಟಾರ್ಪಾಲು ಸರಿಯಾಗಿ ಕಟ್ಟಿಸದೆ ಬಿಟ್ಟೆ. ಬೆಳಗಾಗುವುದರೊಳಗೆ ಅರ್ಧ ಚೀಲಗಳು ಉಪ್ಪುನೀರು ಕುಡಿದು ಗಟ್ಟಿ ಹೆಂಟೆಗಳಾಗಿದ್ದವು. ಹಾರೆಯಲ್ಲಿ ಒಡೆದು, ಕೈಯಲ್ಲಿ ಪುಡಿ ಮಾಡಿ ಕಲಸಿದೆವು. ಆ ತಪ್ಪನ್ನು ನಾನೇ ಹೋಗಿ ಸಾಹೇಬರಿಗೆ ಒಪ್ಪಿಸಿದೆ. ಅವರು ಬೈದರು, ಮರೆತರು. ಸಣ್ಣ ತಪ್ಪುಗಳನ್ನು ಒಪ್ಪಿಕೊಳ್ಳುವುದು ಸುಲಭ ಎನ್ನುವುದಕ್ಕೆ ಇದನ್ನು ಬರೆದೆ.

ಈಗೆಲ್ಲ ಕೆಸರಿನ ಭಾರ, ಬಿಸಿ, ತೊಟ್ಟಿಯ ಮಟ್ಟ ಎಲ್ಲವೂ ಪರದೆಯ ಮೇಲೆ ತಾನಾಗಿ ಮೂಡುತ್ತವಂತೆ, ಹೆಚ್ಚುಕಡಿಮೆಯಾದರೆ ಗಂಟೆ ಬಾರಿಸುತ್ತದಂತೆ. ನಮ್ಮ ಕಾಲದಲ್ಲಿ ಗಂಟೆಯೂ ನಾವೇ, ಪರದೆಯೂ ನಾವೇ. ಜರಡಿಯ ಹತ್ತಿರ ಒಬ್ಬ ಆಳು ನಿಂತು ಕೆಸರನ್ನು ಚೊಂಬಿನಲ್ಲಿ ಹಿಡಿದು ಸಣ್ಣ ತಕ್ಕಡಿಯಲ್ಲಿ ತೂಗಬೇಕು, ತೊಟ್ಟಿಯ ಗೋಡೆಯ ಗುರುತು ನೋಡಬೇಕು, ಬಂದು ನನಗೆ ಹೇಳಬೇಕು. ಅಂಥ ಆಳು ನಂಬಿಕಸ್ಥನಾಗಿರಬೇಕು, ನಿಮ್ಮ ಕಡೆ ಯಾರಾದರೂ ಇದ್ದಾರೆಯೇ ಎಂದು ಸಾಹೇಬರು ಕೇಳಿದಾಗ ನನಗೆ ಜವರಣ್ಣ ನೆನಪಾದ.

ಜವರೇಗೌಡ ನನಗಿಂತ ಏಳೆಂಟು ವರ್ಷ ದೊಡ್ಡವನು. ಊರು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ದೊಡ್ಡಿ ಎಂಬ ಊರು ದಾಟಿದ ಮೇಲೆ. ನಮ್ಮ ಅಪ್ಪ ಮದ್ದೂರಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಮೇಷ್ಟ್ರಾಗಿದ್ದವರು. ಸುತ್ತಿನ ಹಳ್ಳಿಯವರಿಗೆ ಸರ್ಕಾರದಿಂದಲೋ ಕೋರ್ಟಿನಿಂದಲೋ ಇಂಗ್ಲಿಷ್ ಕಾಗದ ಬಂದರೆ ಭಾನುವಾರ ಬೆಳಗ್ಗೆ ನಮ್ಮ ಜಗಲಿಗೆ ತರುತ್ತಿದ್ದರು. ಅಪ್ಪ ಒಮ್ಮೆ ಮನಸ್ಸಿನಲ್ಲೇ ಓದಿ, ಆಮೇಲೆ ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಸಿಹಿ ಸುದ್ದಿಯೇ ಇರಲಿ ಕಹಿ ಸುದ್ದಿಯೇ ಇರಲಿ, ಕೂಡಿಸಿದವರಲ್ಲ ಕಳೆದವರಲ್ಲ. ಮೇಷ್ಟ್ರು ಓದಿದರು ಅಂದರೆ ಮುಗಿಯಿತು, ಅದರ ಮೇಲೆ ಮಾತಿಲ್ಲ. ಜವರಣ್ಣ ಹೀಗೆ ಕಾಗದ ಹಿಡಿದು ಬಂದೇ ನನಗೆ ಪರಿಚಯವಾದದ್ದು. ನನ್ನನ್ನು ಕರೆಯುತ್ತಿದ್ದದ್ದು "ಚಿಕ್ ಮೇಷ್ಟ್ರೆ" ಎಂದು.

ಅವನ ಹೆಸರು ಇದ್ದದ್ದು ಆಲೆಮನೆಯಲ್ಲಿ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುವಾಗ ಯಾವ ಗಳಿಗೆಗೆ ಪಾಕ ಇಳಿಸಬೇಕು ಎನ್ನುವುದು ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ. ಒಂದು ನಿಮಿಷ ಮೊದಲಾದರೆ ಬೆಲ್ಲ ಅಚ್ಚಿನಲ್ಲಿ ನಿಲ್ಲುವುದಿಲ್ಲ, ಒಂದು ನಿಮಿಷ ತಡವಾದರೆ ಕರಿಬೆಲ್ಲ. ಜವರ ಬರಲಿ ಎಂದು ಮೂರು ಊರಿನವರು ಕಬ್ಬು ಕಡಿಯದೆ ಕಾಯುತ್ತಿದ್ದರು. ಆದರೆ ಆಲೆಮನೆ ವರ್ಷವಿಡೀ ನಡೆಯುವುದಿಲ್ಲ. ತಿಂಗಳ ಸಂಬಳದ ಕೆಲಸ ಅಂದಾಗ ಅವನು ಹೊರಟುಬಿಟ್ಟ. ಅವನ ಹೆಂಡತಿ ಸಣ್ಣಮ್ಮ ರೈಲು ಹತ್ತಿಸಲು ಬಂದವಳು, "ನಿಮ್ಮನ್ನ ನಂಬ್ಕಂಡು ಕಳುಸ್ತಾ ಇವ್ನಿ ಕಣಪ್ಪ" ಅಂದಳು.

ಜರಡಿಯ ಹತ್ತಿರ ಅವನನ್ನು ನಿಲ್ಲಿಸಿದ ಮೊದಲ ತಿಂಗಳಲ್ಲೇ ಕೆಸರು ನೊರೆ ಕಟ್ಟಿತು. ಹೊಸ ಔಷಧಿಯೊಂದನ್ನು ಬೆರೆಸಿದ್ದೆವು, ಅದರ ಗುಣ. ನೊರೆ ಬಂದರೆ ತಕ್ಕಡಿ ತೂಕ ಕಡಿಮೆ ತೋರಿಸುತ್ತದೆ, ಹೆದರಬೇಕಿಲ್ಲ. ಕಾರ್ಖಾನೆಯಲ್ಲಿ ಕಬ್ಬಿನ ಹಾಲು ಉಕ್ಕಿದಾಗ ನೊರೆ ಮುರಿಯಲು ಎಣ್ಣೆ ಹಾಕಿದ ಅನುಭವ ನನಗಿತ್ತು. ಇಲ್ಲೂ ನೊರೆ ಮುರಿಯುವ ದ್ರಾವಣದ ಡಬ್ಬಗಳಿದ್ದವು. ಒಂದು ಡಬ್ಬ ಸುರಿಸಿದೆ. ಅರ್ಧ ಗಂಟೆಯಲ್ಲಿ ಕೆಸರು ತಿಳಿಯಾಯಿತು, ತೂಕ ಸರಿಹೋಯಿತು. ಸಾಹೇಬರು ಭೇಷ್ ಅಂದರು. ಜವರಣ್ಣನೂ ನಕ್ಕು, "ನಾವೂ ಆಲೆಮನೇಲಿ ಅಳ್ಳೆಣ್ಣೆ ಬುಡ್ತೀವಲ್ಲ ಸಾಮಿ, ಇದೂ ಅದೇಯ" ಅಂದ. ಆ ಭೇಷ್ ನನ್ನ ತಲೆಗೆ ಏರಿತು.

ಆಮೇಲೆ ಕೆಲವು ತಿಂಗಳು ಕಳೆದು, ಒಂದು ಬೆಳಗ್ಗೆ. ಹತ್ತು ಗಂಟೆಗೆ ದಡದ ಕಚೇರಿಗೆ ರೇಡಿಯೋದಲ್ಲಿ ವರದಿ ಓದಬೇಕಿತ್ತು, ನಾನು ಲ್ಯಾಬಿನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೆ. ಜವರಣ್ಣ ಬಾಗಿಲಿಗೆ ಬಂದು, "ಚಿಕ್ ಮೇಷ್ಟ್ರೆ, ತೂಕ ಇಳೀತಾ ಐತೆ. ಕೆಸ್ರಲ್ಲಿ ಗುಳ್ಳೆ ಬತ್ತಾವೆ" ಎಂದ. ನೊರೆ ಇರಬೇಕು, ನೋಡ್ತಾ ಇರು ಎಂದೆ. ತಲೆ ಎತ್ತಲಿಲ್ಲ.

ಐದು ನಿಮಿಷಕ್ಕೆ ಮತ್ತೆ ಬಂದ. ಈ ಸಲ ಒಳಗೇ ಬಂದು ಮೇಜಿನ ಮುಂದೆ ನಿಂತ. "ಇದು ನೊರೆಯಲ್ಲ ಕಣ್ ಸಾಮಿ, ಕುದಿ. ನೊರೆ ಮೇಲ್ ಕೂತಿರ್ತದೆ, ಊದುದ್ರೆ ಓಯ್ತದೆ. ಇದು ತಳದಿಂದ ಎದ್ದು ಒಡೀತಾ ಐತೆ. ತೊಟ್ಟಿನೂ ನಾಕು ಬೆಳ್ಳು ಏರೈತೆ. ಒಂದ್ ಕಿತ ಬಂದು ನೋಡ್ಬುಡಿ."

ಹತ್ತು ಹೆಜ್ಜೆ. ನನ್ನ ಕುರ್ಚಿಯಿಂದ ಜರಡಿಗೆ ಇದ್ದದ್ದು ಹತ್ತು ಹೆಜ್ಜೆ. ತೊಟ್ಟಿ ತಾನಾಗಿ ಏರುತ್ತಿದೆ ಎಂದರೆ ಬಾವಿಯೊಳಗೆ ಏನೋ ನುಗ್ಗಿದೆ ಎಂದೇ ಅರ್ಥ, ಮೊದಲ ವಾರ ಕಲಿಸುವ ಪಾಠ ಅದು. ಆಲೆಮನೆಯ ಮನುಷ್ಯ ಬಿಯೆಸ್ಸಿ ಓದಿದವನಿಗೆ ಪಾಠ ಹೇಳುತ್ತಿದ್ದಾನೆ ಅನ್ನುವುದಷ್ಟೇ ನನ್ನ ಕಿವಿಗೆ ಬಿದ್ದದ್ದು. "ಬೆಲ್ಲ ಕಾಯ್ಸೋಕೆ ಬಂದಿಲ್ಲ ಜವರಣ್ಣ ನಾವು" ಎಂದೆ. ಮೂಲೆಯಲ್ಲಿದ್ದ ಡಬ್ಬ ತೋರಿಸಿ, ಸುರಿದು ಬಾ ಎಂದೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿದ. ಡಬ್ಬ ಎತ್ತಿಕೊಂಡು ಹೋದ.

ಅವನು ಜರಡಿಯ ಅಟ್ಟ ಹತ್ತುವುದಕ್ಕೂ ಬಾವಿ ಉಗುಳುವುದಕ್ಕೂ ಸರಿಹೋಯಿತು. ಕೆಸರು ಆಳೆತ್ತರ ನುಗ್ಗಿ ಬಂತು. ಕೊರೆಯುವ ಯಂತ್ರ ನಡೆಸುತ್ತಿದ್ದ ಡ್ರಿಲ್ಲರ್ ಪುಣ್ಯಾತ್ಮ, ತಕ್ಷಣ ಬಾವಿಯ ಬಾಯಿ ಮುಚ್ಚುವ ಕವಾಟ ಹಾಕಿದ. ಬೆಂಕಿ ಹತ್ತಲಿಲ್ಲ, ಅರವತ್ತು ಜನ ಉಳಿದೆವು. ಕೆಸರಿನ ಹೊಡೆತಕ್ಕೆ ಜವರಣ್ಣ ಮಾತ್ರ ಅಟ್ಟದಿಂದ ಕೆಳಗಿನ ಕಬ್ಬಿಣದ ನೆಲಕ್ಕೆ ಬಿದ್ದಿದ್ದ. ತಲೆ ಒಡೆದಿತ್ತು, ಸೊಂಟದ ಮೂಳೆ ಮುರಿದಿತ್ತು. ಹೆಲಿಕಾಪ್ಟರಿನಲ್ಲಿ ಸಾಗಿಸಿದರು. ಪ್ರಾಣ ಉಳಿಯಿತು, ಬಲಗಾಲು ಗಿಡ್ಡವಾಯಿತು.

ಮೂರನೆಯ ದಿನ ವಿಚಾರಣೆ. ಬೆದರಿಸಿದರು, ಒತ್ತಾಯ ಮಾಡಿದರು ಎಂದು ಬರೆದರೆ ನನಗೆ ಅನುಕೂಲ, ಆದರೆ ಹಾಗೇನೂ ನಡೆಯಲಿಲ್ಲ. ಸಾಹೇಬರು ಮೃದುವಾಗಿಯೇ ಕೇಳಿದರು: "ಜರಡಿಯವನು ನಿನಗೆ ತಿಳಿಸಿದನೇ, ಇಲ್ಲವೇ?" ಮುಂದಿನ ತಿಂಗಳು ನನ್ನ ಕೆಲಸ ಕಾಯಂ ಆಗುವುದಿತ್ತು. ಅದಕ್ಕಿಂತ ಹೆಚ್ಚಾಗಿ, ಅವನು ಸರಿಯಾಗಿ ಹೇಳಿದ, ನಾನು ಕುರ್ಚಿ ಬಿಟ್ಟು ಏಳಲಿಲ್ಲ ಎಂದು ಅಷ್ಟು ಜನರ ಮುಂದೆ ಹೇಳಲು ನನ್ನ ನಾಲಿಗೆಗೆ ಆಗಲಿಲ್ಲ. "ಇಲ್ಲ" ಎಂದೆ. ಅದನ್ನು ಬರೆದುಕೊಂಡು ನನ್ನ ಮುಂದೆ ಇಟ್ಟರು. ರುಜು ಹಾಕಿದೆ.

ಎರಡು ತಿಂಗಳ ಮೇಲೆ, ನಾನು ಊರಿಗೆ ಬಂದಿದ್ದ ಒಂದು ಭಾನುವಾರ, ಜಗಲಿಯ ಮೇಲೆ ಊರುಗೋಲಿನ ಸದ್ದಾಯಿತು. ಜವರಣ್ಣ, ಜೊತೆಗೆ ಸಣ್ಣಮ್ಮ. ಅವಳ ಸೆರಗಿನಲ್ಲಿ ಕಂಪನಿಯ ಲಕೋಟೆ. ನಾನು ಒಳಗೆ ಕಾಫಿ ಕುಡಿಯುತ್ತಿದ್ದೆ. ಅಪ್ಪ ತಮ್ಮ ಪದ್ಧತಿಯಂತೆ ಮೊದಲು ಮನಸ್ಸಿನಲ್ಲೇ ಓದಿದರು. ಎಂದೂ ಇಲ್ಲದ್ದು, ಇನ್ನೊಮ್ಮೆ ಓದಿದರು. ಆಮೇಲೆ ಸಾಲು ಸಾಲಾಗಿ ಹೇಳಿದರು: ಕೆಸರಿನಲ್ಲಾದ ಬದಲಾವಣೆಯನ್ನು ನೋಡದೆ, ಮೇಲಿನವರಿಗೆ ತಿಳಿಸದೆ, ಕರ್ತವ್ಯದಲ್ಲಿ ಅಲಕ್ಷ್ಯ ಮಾಡಿದ್ದರಿಂದ ಈ ಅಪಘಾತ ಸಂಭವಿಸಿದೆ, ಆದ್ದರಿಂದ ಕೆಲಸದಿಂದ ತೆಗೆಯಲಾಗಿದೆ.

"ನಾ ಯೋಳ್ನಿಲ್ವಂತಾ ಮೇಷ್ಟ್ರೆ?"

"ಹಾಗೇ ಬರೆದಿದೆಯಪ್ಪ."

"ತಲೆಗೆ ಏಟ್ ಬಿದ್ಮೇಲೆ ಆವತ್ತಿನ್ ಬೆಳಗ್ಗೆದ್ದು ಒಂದೂ ಗ್ಯಾನ ಇಲ್ಲ. ಯೋಳಿರ್ತೀನಿ ಅಂತಿದ್ದೆ..." ಅವನು ಊರುಗೋಲನ್ನು ಗೋಡೆಗೆ ಒರಗಿಸಿದ. "ನೀವ್ ಓದುದ್ಮೇಲೆ ಇನ್ನೇನ್ ಬುಡಿ. ನಂದೇ ತಪ್ಪು."

ಅಪ್ಪ ಒಳಕ್ಕೆ ಕೂಗಿದರು. "ಸೀನಾ, ನೀನೂ ಅಲ್ಲೇ ಇದ್ಯಲ್ಲೋ. ಇವನು ನೋಡಿರಲಿಲ್ವೇನೋ?"

ಬಾಗಿಲಿಗೆ ಬಂದು ನಿಂತೆ. "ನಾನು ಒಳಗೆ ವರದಿ ಬರೀತಾ ಇದ್ದೆ ಅಪ್ಪ. ಜರಡಿ ಹತ್ರ ಏನಾಯ್ತೋ ನಾನು ನೋಡಲಿಲ್ಲ" ಎಂದೆ. ಒಂದು ಅಕ್ಷರವೂ ಸುಳ್ಳಲ್ಲ. ಅಷ್ಟು ಜಾಣ ನಾನು. ಸಣ್ಣಮ್ಮ ಕೈ ಮುಗಿದು, "ನೀವಲ್ಲಿದ್ದಿದ್ಕೆ ಈ ಜೀವ ಉಳೀತು ಕಣಪ್ಪ" ಎಂದಳು. ಅಪ್ಪ ಅವನನ್ನು ಬೀಳ್ಕೊಡುವಾಗ, ಮೇಷ್ಟ್ರಲ್ಲವೇ, ಬುದ್ಧಿ ಹೇಳದೆ ಬಿಡಲಿಲ್ಲ: "ಎಚ್ಚರವಾಗಿರಬೇಕಿತ್ತಪ್ಪ ಜವರ."

ಆ ಕಾಗದ ಕಿತ್ತುಕೊಂಡದ್ದು ಬರೀ ನೌಕರಿಯನ್ನಲ್ಲ. ಕಾಲು ಗಿಡ್ಡವಾದರೂ ಪಾಕ ನೋಡಲು ಕಣ್ಣಿತ್ತಲ್ಲ, ಸ್ಟೂಲಿನ ಮೇಲೆ ಕೂತು ಮಾಡಬಹುದಿತ್ತು. ಆದರೆ ಮೇಷ್ಟ್ರು ಓದಿದ್ದು ಊರಿಗೆಲ್ಲ ಹರಡಿತ್ತು. "ಕೆಸ್ರು ಕುದ್ದದ್ದೇ ಕಾಣ್ದೋನ್ಗೆ ನಮ್ ಪಾಕ ಕಾಣ್ತದಾ?" ಎಂದರಂತೆ ಆಲೆಮನೆಯ ಚನ್ನೇಗೌಡರು. ಬೇರೆಯವನನ್ನು ಕೊಪ್ಪರಿಗೆಗೆ ಹಾಕಿ, ಜವರಣ್ಣನನ್ನು ಒಲೆಗೆ ಕಬ್ಬಿನ ಸಿಪ್ಪೆ ತಳ್ಳಲು ಕೂರಿಸಿದರು.

ಇದು ನನಗೆ ತಿಳಿದದ್ದು ಎರಡು ವರ್ಷದ ಮೇಲೆ. ಅಷ್ಟು ದಿನ ಆ ಕಡೆ ಹೋಗದಂತೆ ತಪ್ಪಿಸಿಕೊಂಡಿದ್ದೆ. ಮಳವಳ್ಳಿಯ ಅತ್ತೆಯ ಮನೆಗೆ ಹೋಗಿ ಬರುವಾಗ ಬಸ್ಸು ದೊಡ್ಡಿ ತಲುಪುವ ಮೊದಲೇ ಕೆಟ್ಟು ನಿಂತಿತು, ಚನ್ನೇಗೌಡರ ಆಲೆಮನೆಯ ಎದುರಿಗೇ. ಒಲೆಯ ಬಾಯಲ್ಲಿ ಜವರಣ್ಣ ಕೂತಿದ್ದ. ನನ್ನನ್ನು ಕಂಡು ಮುಖ ಅರಳಿಸಿ, "ಬನ್ನಿ ಚಿಕ್ ಮೇಷ್ಟ್ರೆ, ಆಲ್ ಕುಡೀರಿ" ಎಂದ. ಮಾತಾಡುತ್ತಿರುವಾಗ ಮೇಲೆ ಕೊಪ್ಪರಿಗೆಯ ಸದ್ದು ಬದಲಾಯಿತು. ಅವನು ಕತ್ತೆತ್ತಿ ನೋಡಿದ, ಮತ್ತೆ ಒಲೆಯ ಕಡೆ ತಿರುಗಿದ. ಎರಡು ನಿಮಿಷದಲ್ಲಿ ಸೀದ ವಾಸನೆ ಹಬ್ಬಿತು. ಚನ್ನೇಗೌಡರು ಪಾಕದವನ ಮೇಲೆ ಹಾರಾಡತೊಡಗಿದರು.

"ನಿನಗೆ ಗೊತ್ತಾಯ್ತಲ್ಲ ಜವರಣ್ಣ, ಒಂದು ಮಾತು ಹೇಳಬಾರದಿತ್ತಾ?" ಎಂದೆ.

"ಬುಡಿ ಸಾಮಿ. ಯೋಳ್ಬೇಕಾದ್ ಟೈಮಲ್ಲಿ ಯೋಳ್ದೆ ಇದ್ದೋನು ನಾನು. ಈಗ್ಯಾವ್ ಮೊಕ ಇಟ್ಕಂಡು ಯೋಳ್ಲಿ?"

ಅಲ್ಲಿ ನನ್ನ ಕೈಲಿ ತಡೆಯಲಾಗಲಿಲ್ಲ. "ನೀನು ಹೇಳಿದ್ದೆ. ಎರಡು ಸಲ ಹೇಳಿದ್ದೆ. ನಾನು ಎದ್ದು ಬರಲಿಲ್ಲ. ಕೇಳಿದವರಿಗೆ ಇಲ್ಲ ಅಂತ ಹೇಳಿ ರುಜು ಹಾಕಿದವನು ನಾನು" ಎಂದೆ. ಅಳು ಬಂತು. ಅವನು ಅಳಲಿಲ್ಲ.

"ಏನಂತ ಯೋಳಿದ್ದೆ?" ಎಂದು ಕೇಳಿದ.

"ನೊರೆಯಲ್ಲ, ಕುದಿ. ತೊಟ್ಟಿ ನಾಲ್ಕು ಬೆರಳು ಏರಿದೆ. ಬಂದು ನೋಡಿ ಅಂದೆ."

ಅವನು ಕಬ್ಬು ಹೊರುತ್ತಿದ್ದ ಹೆಂಡತಿಯನ್ನು ಕೂಗಿದ. "ಸಣ್ಣೀ, ಬಾರಮ್ಮಿ ಇಲ್ಲಿ. ಇನ್ನೊಂದ್ ಕಿತ ಯೋಳಿ ಸಾಮಿ, ಇವ್ಳೂ ಕೇಳ್ಲಿ." ಹೇಳಿದೆ. ಸಣ್ಣಮ್ಮ ನನ್ನನ್ನು ನೋಡಿದ ನೋಟವನ್ನು ಬರೆಯಲಾರೆ. ಬಾಯಿಗೆ ಬಂದಂತೆ ಬೈದಿದ್ದರೆ ಎಷ್ಟೋ ವಾಸಿಯಿತ್ತು. ಜವರಣ್ಣ ಸಿಪ್ಪೆಯ ಕಂತೆಯನ್ನು ಪಕ್ಕಕ್ಕಿಟ್ಟು, "ಮೇಷ್ಟ್ರುಗೆ ಗೊತ್ತಾ ಇದು?" ಎಂದ. ಇಲ್ಲವೆಂದೆ. "ಅಂಗಾರೆ ಮೊದ್ಲು ಅವ್ರಿಗೆ ಯೋಳೋಗಿ. ಅಂತಾ ಮನುಸುನ್ ಬಾಯಲ್ಲಿ ಸುಳ್ಳೋದುಸ್ಬುಟ್ರಲ್ಲ ನೀವು."

ಸಂಜೆ ಅಪ್ಪನಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. "ನಾನು ಓದ್ತಾ ಇದ್ದಾಗ ನೀನು ಒಳಗಿದ್ದೆ" ಎಂದರು. ಹೌದೆಂದೆ. ಕನ್ನಡಕವನ್ನು ಮತ್ತೆ ಹಾಕಿಕೊಂಡು, "ನಾಳೆ ಬೆಳಗ್ಗೆ ಹೋಗಿ ಅಷ್ಟೂ ಜನದ ಮುಂದೆ ಹೇಳಿ ಬರೋಣ. ಬರ್ತೀಯಾ?" ಎಂದರು.

"ನಾಳೆ ನನ್ನ ರೈಲು ಅಪ್ಪ. ಮುಂದಿನ ಸಲ ಬಂದಾಗ..." ಎಂದೆ. ಒಂದು ತಂತಿ ಕೊಟ್ಟಿದ್ದರೆ ಒಂದು ದಿನದ ರಜೆ ಸಿಗುತ್ತಿತ್ತು. ಅದು ಅಪ್ಪನಿಗೂ ಗೊತ್ತಿತ್ತು. ಅವರು ಮತ್ತೆ ಕೇಳಲಿಲ್ಲ.

ಮಾರನೆಯ ಬೆಳಗ್ಗೆ ಅಪ್ಪ ಶಾಲೆಗೆ ಇನ್‌ಸ್ಪೆಕ್ಟರ್ ಬರುವ ದಿನ ಮಾತ್ರ ಹಾಕುತ್ತಿದ್ದ ಕೋಟು ಹಾಕಿಕೊಂಡು ಮಳವಳ್ಳಿ ಬಸ್ಸು ಹತ್ತಿದರು. ನಾನು ಬೆಂಗಳೂರಿನ ರೈಲು ಹತ್ತಿದೆ. ಅಲ್ಲಿ ನಡೆದದ್ದನ್ನು ಆಮೇಲೆ ಅಮ್ಮ ಹೇಳಿದಳು. ಚನ್ನೇಗೌಡರು ಕುರ್ಚಿ ತರಿಸಿದರಂತೆ, ಅಪ್ಪ ಕೂರಲಿಲ್ಲವಂತೆ. ಕೊಪ್ಪರಿಗೆಯ ಮುಂದೆ ನಿಂತು, "ಆ ಕಾಗದದಲ್ಲಿ ಇದ್ದದ್ದು ಸುಳ್ಳು. ಹೇಳಿದವನು ನನ್ನ ಮಗ, ಓದಿದವನು ನಾನು. ಜವರ ಎರಡು ಸಲ ಎಚ್ಚರಿಸಿದ್ದ" ಎಂದು ಪಾಠ ಹೇಳುವ ದನಿಯಲ್ಲೇ ಹೇಳಿ, ಅವನಿಗೆ ಕೈ ಮುಗಿದು ಬಂದರಂತೆ. ಆ ವಾರವೇ ಜವರಣ್ಣನನ್ನು ಮತ್ತೆ ಪಾಕಕ್ಕೆ ಕೂರಿಸಿದರು. ಕಂಪನಿಯ ದಾಖಲೆಯಲ್ಲಿ ಮಾತ್ರ ತಪ್ಪು ಅವನ ಹೆಸರಿನಲ್ಲೇ ಉಳಿಯಿತು. ಬದಲಿಸಬೇಕಾದವನು ನಾನೊಬ್ಬನೇ. ಕೆಲಸ ಹೋಗುತ್ತದೆ ಎಂದು ಬದಲಿಸಲಿಲ್ಲ.

ಈಗ ಕೆಲಸಕ್ಕೆ ಸೇರುವವರಿಗೆ ನಾನು ಹೇಳಬೇಕಾದದ್ದು ಇಷ್ಟೇ: ಜರಡಿಯ ಹತ್ತಿರ ನಿಂತವನು ಬಂದು ಹೇಳಿದರೆ, ಮೊದಲು ಎದ್ದು ಹೋಗಿ ನೋಡಿ. ಕಡಲು, ಗಾಳಿ, ಅನಿಲ ಎಲ್ಲವೂ ಅಪಾಯವೇ, ಆದರೆ ನನ್ನನ್ನು ಕೆಡಿಸಿದ್ದು ಅವಲ್ಲ.

ಅಪ್ಪ ಆಲೆಮನೆಗೆ ಹೋಗಿ ಬಂದ ಮೇಲೆ, ಮುಂದಿನ ಸಲ ನಾನು ರಜೆಗೆ ಬಂದಾಗ ಒಂದು ಭಾನುವಾರ ವೈದ್ಯನಾಥಪುರದ ರೈತರೊಬ್ಬರು ಉದ್ದನೆಯ ಲಕೋಟೆ ಹಿಡಿದು ಜಗಲಿಗೆ ಬಂದರು. ನಾನು ನಡುಮನೆಯಲ್ಲಿದ್ದೆ. ಅಪ್ಪ ಲಕೋಟೆ ಮುಟ್ಟಲಿಲ್ಲ. "ನನಗೆ ಇಂಗ್ಲಿಷ್ ಬರೋದಿಲ್ಲಪ್ಪ. ಬೇರೆ ಯಾರ ಹತ್ರಾನಾದ್ರೂ ಓದಿಸ್ಕೋ" ಎಂದರು.

ಆತ ನಕ್ಕುಬಿಟ್ಟ. "ತಮಾಸೆ ಮಾಡ್ಬೇಡಿ ಮೇಷ್ಟ್ರೆ. ಓಗ್ಲಿ, ನಿಮ್ ಮಗ ಬಂದವ್ರಲ್ಲ, ಅವ್ರೇ ಓದ್ಲಿ."

"ಬೇಡ" ಎಂದರು ಅಪ್ಪ. "ಅವನಿಗೂ ಬರೋದಿಲ್ಲ."